ಸುಮ್ಮನೆ ಕೂತವರನ್ನು ಮೊದಲು ನೋಡಲು ಕಲಿತ ಮಳೆಗಾಲ

ಕಳೆದ ವಾರ ಮಾನ್ವಿಯಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸಾಲಿಗೆ ಒಬ್ಬ ರೈತ ಬಂದು ಕೂತ. ಹತ್ತಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಪಂಪನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡಿದ್ದ. ಮಳೆ ಹನಿಯುತ್ತಿದ್ದರಿಂದ ಕಿಟಕಿಗಳೆಲ್ಲ ಮುಚ್ಚಿದ್ದವು. ಕಲ್ಲೂರು ದಾಟುವಷ್ಟರಲ್ಲಿ ಬಸ್ಸಿನ ತುಂಬ ಆ ವಾಸನೆ. ಕೊಳೆತ ಬೆಳ್ಳುಳ್ಳಿಯ ಮೇಲೆ ಸೀಮೆಎಣ್ಣೆ ಸುರಿದಂತಹ ವಾಸನೆ ಅದು. ಉಳಿದವರು ಸೆರಗು, ಕರವಸ್ತ್ರ ಮೂಗಿಗೆ ಒತ್ತಿಕೊಂಡರು. ನಾನು ಮಾತ್ರ ಅವನ ಮುಖವನ್ನೇ ನೋಡುತ್ತಿದ್ದೆ. ಕಣ್ಣಿನ ಪಾಪೆ ಸರಿಯಾಗಿದೆ. ಬಾಯಿಂದ ಜೊಲ್ಲಿಲ್ಲ. ಅಂಗಿ ಒಣಗಿದೆ. ಫೋನಿನಲ್ಲಿ ಯಾರದೋ ಜೊತೆ ಜಗಳವಾಡುವಷ್ಟು ಉಸಿರಿದೆ. ಈತನಿಗೇನೂ ಆಗಿಲ್ಲ ಎಂದು ಖಾತ್ರಿಯಾದ ಮೇಲೆಯೇ ನಾನೂ ಮೂಗು ಮುಚ್ಚಿಕೊಂಡದ್ದು.

ರಾಯಚೂರಿನ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸೆಯ ವಿಭಾಗದಲ್ಲಿ ನಾನು ನರ್ಸ್. ಒಟ್ಟಿಗೇ ಹತ್ತು ಜನ ಬಂದರೆ ಯಾರನ್ನು ಈ ಕ್ಷಣವೇ ಒಳಗೆ ಕಳಿಸಬೇಕು, ಯಾರು ಸ್ವಲ್ಪ ಹೊತ್ತು ಕಾಯಬಲ್ಲರು ಎಂದು ಬಾಗಿಲಲ್ಲೇ ತೀರ್ಮಾನಿಸುವುದು ನನ್ನ ಕೆಲಸ. ಅದಕ್ಕೆ ಟ್ರಯಾಜ್ ಅನ್ನುತ್ತಾರೆ. ಹೊಸದಾಗಿ ಸೇರಿದ ಹುಡುಗಿಯರು, 'ಇದನ್ನ ಎಲ್ಲಿ ಕಲಿತ್ರಿ ಅಕ್ಕಾ?' ಎಂದು ಕೇಳುತ್ತಾರೆ. ತರಬೇತಿ, ಪ್ರಮಾಣಪತ್ರ ಎಲ್ಲ ಆಮೇಲೆ ಆಗಿವೆ. ಆದರೆ ನಾನು ಕಲಿತದ್ದು ದೇವದುರ್ಗದಲ್ಲಿ, ಒಂದೇ ಒಂದು ಮಳೆಗಾಲದಲ್ಲಿ.

ಆ ವರ್ಷ ನನಗೆ ಇಪ್ಪತ್ತಮೂರು. ಊರು ಮಾನ್ವಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ, ಅವ್ವ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ನರ್ಸಿಂಗ್ ಮುಗಿಸಿದ ನನಗೆ ಮೊದಲು ಸಿಕ್ಕ ಕೆಲಸ ದೇವದುರ್ಗದ ಒಂದು ಸಣ್ಣ ಧರ್ಮಾರ್ಥ ಆಸ್ಪತ್ರೆಯಲ್ಲಿ. ಹೆಸರು ಬೇಡ, ಅದು ಈಗ ಆ ರೂಪದಲ್ಲಿ ಉಳಿದೂ ಇಲ್ಲ. ಇಪ್ಪತ್ತು ಮಂಚ, ಒಂದು ಆಂಬುಲೆನ್ಸ್, ಮುಂಬಾಗಿಲಿಗೆ ಅಂಟಿಕೊಂಡಂತೆ ತುರ್ತು ಕೋಣೆ. ಡಾಕ್ಟರ್ ಖಾದರ್ ಸಾಹೇಬರು ಒಬ್ಬರೇ ಪೂರ್ತಿ ಸಮಯದ ವೈದ್ಯರು. ಅವರಿಗಿಂತ ಮೊದಲಿನಿಂದ ಅಲ್ಲಿದ್ದವರು ಈರಮ್ಮ ಸಿಸ್ಟರ್. ಹಿರೇಕೊಟ್ನೆಕಲ್ ಅವರ ತವರು. ಐವತ್ತರ ಆಸುಪಾಸಿನ ದಪ್ಪ ಕನ್ನಡಕದ ಹೆಂಗಸು, ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದರೆ ಸದ್ದೇ ಆಗುತ್ತಿರಲಿಲ್ಲ.

ನಾನು ಸೇರಿದಾಗ ಜೂನ್ ತಿಂಗಳು. ಮಳೆ ಇನ್ನೂ ಹಿಡಿದಿರಲಿಲ್ಲ. ಬೆಳಿಗ್ಗೆ ಹತ್ತಕ್ಕೇ ಬಿಸಿಗಾಳಿ ಎದ್ದು, ಬಾಗಿಲಿಗೆ ಕಟ್ಟಿದ ಹಸಿರು ಪರದೆ ಹಾರಿ ಮುಖಕ್ಕೆ ಹೊಡೆಯುತ್ತಿತ್ತು. ಮೊದಲ ದಿನ ನಾನು ಸಮವಸ್ತ್ರದ ಮಡಿಕೆ ಮುರಿಯದಂತೆ ಮೇಜಿನ ಹಿಂದೆ ಕೂತು, ರಿಜಿಸ್ಟರ್ ಬಿಚ್ಚಿ, ಪೆನ್ನು ಹಿಡಿದು ತಯಾರಾದೆ. ಈರಮ್ಮ ಸಿಸ್ಟರ್ ಬಂದು ನೋಡಿದರು.

"ಯಾಕ ತಂಗಿ, ಟಿಕೀಟ್ ಕೊಡಾಕ ಕುಂತೀಯೇನು? ಏಳು. ಬಾಗಿಲಿಗೆ ಹೋಗಿ ನಿಂದ್ರು."

"ರಿಜಿಸ್ಟರ್ ಯಾರು ಬರೀತಾರ್ರಿ?"

"ಹೆಸರು ಆಮ್ಯಾಲೆ ಬರದ್ರಾತು. ಗೇಟಿನಿಂದ ಇಲ್ಲೀತನ ಅವರು ಹೆಂಗ ನಡಕೊಂತ ಬರ್ತಾರ ಅದನ್ನ ನೋಡು. ಕೂತ ಮ್ಯಾಲೆ ಅದು ಕಾಣಂಗಿಲ್ಲ."

ಗೇಟಿನಿಂದ ಬಾಗಿಲಿಗೆ ಮೂವತ್ತು ಹೆಜ್ಜೆ ಇದ್ದೀತು. ಆ ಮೂವತ್ತು ಹೆಜ್ಜೆಯಲ್ಲಿ ಈರಮ್ಮ ಸಿಸ್ಟರ್ ಏನೆಲ್ಲ ನೋಡುತ್ತಿದ್ದರು! ಒಬ್ಬಾತ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಇನ್ನೊಬ್ಬಾಕೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡಿದ್ದಾಳೆ, ಆದರೆ ಮಗುವಿನ ಕೈ ಅವಳ ಕುತ್ತಿಗೆ ಹಿಡಿದಿಲ್ಲ, ಜೋತು ಬಿದ್ದಿದೆ. ಮುದುಕನೊಬ್ಬ ಗೋಡೆ ಹಿಡಿದು ಬರುತ್ತಿದ್ದಾನೆ, ಒಂದೇ ಕಡೆ ವಾಲುತ್ತಿದ್ದಾನೆ. ರೋಗಿ ಬಾಯಿ ಬಿಡುವ ಮೊದಲೇ ಅವರು ಅರ್ಧ ತಿಳಿದುಕೊಂಡಿರುತ್ತಿದ್ದರು. ಹತ್ತಿರ ಬಂದ ಮೇಲೆ ಮಾಡುತ್ತಿದ್ದ ಮೊದಲ ಕೆಲಸ ಕೈ ಹಿಡಿಯುವುದು. ನೋಡುವವರಿಗೆ ಅದು ಕಕ್ಕುಲಾತಿ. ಅವರ ಬೆರಳು ಮಾತ್ರ ನಾಡಿಯ ಮೇಲಿರುತ್ತಿತ್ತು. ಕೈ ಬಿಸಿಯೋ ತಣ್ಣಗೋ, ಬೆವರಿದೆಯೋ, ಎಲ್ಲ ಒಂದೇ ಹಿಡಿತದಲ್ಲಿ ಗೊತ್ತಾಗುತ್ತಿತ್ತು.

ಗೋಡೆಯ ಮೇಲೆ ಒಂದು ದೊಡ್ಡ ಚಾರ್ಟ್ ಇತ್ತು. ಕೆಂಪು ಅಂದರೆ ಈಗಲೇ, ಹಳದಿ ಅಂದರೆ ಬೇಗ, ಹಸಿರು ಅಂದರೆ ಕಾಯಬಹುದು. ಪೂರ್ತಿ ಇಂಗ್ಲಿಷ್. ಅದನ್ನು ನಾನು ಬಾಯಿಪಾಠ ಮಾಡಿದ್ದೆ. ಆದರೆ ಬರುವ ಜನ ಚಾರ್ಟಿನ ಭಾಷೆ ಮಾತಾಡುತ್ತಿರಲಿಲ್ಲ. "ಎದಿಯಾಗ ಗ್ಯಾಸ್ ತುಂಬೇದರೀ" ಅನ್ನುತ್ತಿದ್ದರು, ನೋಡಿದರೆ ಹೃದಯಾಘಾತ. "ಜೀವ ಝುಮ್ ಅಂತದ" ಅನ್ನುವಾಕೆಗೆ ಒಂದು ದಿನ ರಕ್ತ ಕಡಿಮೆ, ಇನ್ನೊಂದು ದಿನ ಸಕ್ಕರೆ ಇಳಿದಿರುತ್ತಿತ್ತು. ಹೊಟ್ಟೆಯಲ್ಲಿ ಕೂಸಿರುವ ಸೊಸೆಯನ್ನು ಕರೆತಂದ ಅತ್ತೆ, "ಒಂದೀಟು ಬಟ್ಟಿ ಕೆಟ್ಟದ" ಎಂದಷ್ಟೇ ಹೇಳಿ ಸುಮ್ಮನಾದರೆ, ಸೀರೆಯ ಮೂರು ಮಡಿಕೆ ರಕ್ತದಲ್ಲಿ ನೆನೆದಿದೆ ಎಂದು ನಾವೇ ಕಂಡುಕೊಳ್ಳಬೇಕಿತ್ತು.

ಹೀಗೆ ಎರಡು ವಾರ ಒದ್ದಾಡಿದ ಮೇಲೆ ನಾನೂ ಈರಮ್ಮ ಸಿಸ್ಟರೂ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತಿರುಗಿಸಿ, ಹಿಂಬದಿಯಲ್ಲಿ ನಮ್ಮ ಚಾರ್ಟ್ ಬರೆದೆವು. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಒಂದು ಮಾತು ಪೂರ್ತಿ ಮಾಡೋದರೊಳಗ ಉಸಿರು ಕಡಿತಾನ, ಕೆಂಪು. ತಣ್ಣನ ಬೆವರು, ಕೆಂಪು. ಬಾಯಿಗೆ ಬಂದಂಗ ಮಾತಾಡಾಕತ್ತಾನ, ಮೊದಲು ಹಿಂಗ ಇರಲಿಲ್ಲ ಅಂತ ಮನಿಯವರು ಅಂತಾರ, ಕೆಂಪು. ಖಾದರ್ ಸಾಹೇಬರು ಬಂದು ಕನ್ನಡಕ ಏರಿಸಿ ಎಲ್ಲ ಓದಿದರು. "ನನಗ ಇದ ಬೇಕಾಗಿತ್ತು ನೋಡ್ರಿ" ಎಂದು ತಮ್ಮ ಕೈಯಾರೆ ಗೋಡೆಗೆ ಅಂಟಿಸಿದರು.

ಗೋಡೆಯ ಮೇಲೆ ಬರೆದದ್ದು ತಲೆಯೊಳಗೆ ಇಳಿದಿರಲಿಲ್ಲ ಎಂದು ನನಗೆ ಗೊತ್ತಾದದ್ದು ಜುಲೈನಲ್ಲಿ.

ಆಗ ಮಳೆ ಹಿಡಿದಿತ್ತು. ಎರೆಮಣ್ಣು ಚಪ್ಪಲಿಗೆ ಅಂಟಿ, ಬಂದವರೆಲ್ಲ ನೆಲದ ಮೇಲೆ ಕಪ್ಪು ಹೆಜ್ಜೆ ಬಿಟ್ಟು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಹತ್ತಿ ಹೊಲದ ಕಳೆ ತೆಗೆಯಲು ಹೊರಟಿದ್ದ ಹೆಂಗಸರ ಟಂಟಂ ಆಟೋ ತಿರುವಿನಲ್ಲಿ ಪಲ್ಟಿಯಾಯಿತು. ಹನ್ನೊಂದು ಜನ ಒಟ್ಟಿಗೇ ಬಂದರು. ಒಬ್ಬಾಕೆಯ ಹಣೆ ಸೀಳಿ ಮುಖವೆಲ್ಲ ರಕ್ತ. ಇನ್ನೊಬ್ಬಾಕೆಯ ಮೊಣಕಾಲು ತಿರುಚಿಕೊಂಡಿತ್ತು, ಅವಳ ಕೂಗು ಬಸ್ ನಿಲ್ದಾಣದವರೆಗೆ ಕೇಳಿರಬೇಕು. ಅವರ ಹಿಂದೆ ಗಂಡಂದಿರು, ಅಣ್ಣಂದಿರು, ದಾರಿಹೋಕರು. "ಸಿಸ್ಟರ್, ಇಕಿನ್ನ ಮೊದ್ಲು ನೋಡ್ರೀ!" "ಏ ಬಾಯಿ, ರಕ್ತ ಕಾಣಂಗಿಲ್ಲೇನು ನಿಮಗ?" ಎಂದು ಎಲ್ಲ ಕಡೆಯಿಂದ ಕೂಗು. ಒಬ್ಬಾತ ನನ್ನ ತೋಳು ಹಿಡಿದು ಎಳೆದೇ ಬಿಟ್ಟ. ನಾನು ಎಳೆದ ಕಡೆ ಹೋದೆ, ಕೂಗಿದ ಕಡೆ ತಿರುಗಿದೆ. ಹಣೆಯ ಗಾಯಕ್ಕೆ ಅರಳೆ ಒತ್ತಿದೆ, ಮೊಣಕಾಲಿಗೆ ಆಸರೆ ಕಟ್ಟಿದೆ. ನಾನು ತುಂಬ ಚೆನ್ನಾಗಿ ಕೆಲಸ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು.

ಗೋಡೆಯ ಪಕ್ಕದ ಬೆಂಚಿನ ಮೇಲೆ ಒಬ್ಬಾಕೆ ಕೂತಿದ್ದಳು. ಮೂವತ್ತರ ಒಳಗಿನ ವಯಸ್ಸು. ಹೆಸರು ದುರುಗಮ್ಮ ಎಂದು ಆಮೇಲೆ ತಿಳಿಯಿತು. ಮೈಮೇಲೆ ಒಂದು ಗೀರೂ ಇರಲಿಲ್ಲ. ಎಡಗೈಯನ್ನು ಪಕ್ಕೆಗೆ ಒತ್ತಿಕೊಂಡು ಸ್ವಲ್ಪ ಮುಂದಕ್ಕೆ ಬಾಗಿದ್ದಳು. ನಾನು ಅವಳ ಮುಂದೆ ಒಂದು ಕ್ಷಣ ನಿಂತೆ.

"ನಿಮಗೇನಾಗೇದ್ರಿ?"

"ನಂಗೇನಾಗಿಲ್ಲ ಯವ್ವಾ. ಒಂದೀಟು ಪೆಟ್ಟು ಹತ್ತೇದ ಅಷ್ಟ. ಪಾಪ, ಆಕೀನ್ನ ನೋಡ್ರಿ, ಆಕಿ ಒದ್ದ್ಯಾಡಾಕತ್ತಾಳ."

ಆಕೆಯೇ ಹೋಗು ಅಂದಳಲ್ಲ. ನಾನು ಹೋದೆ. ಕಾಯಬಹುದು ಎನ್ನುವ ಹಸಿರು ಚೀಟಿಯನ್ನು ಅವಳ ಕೈಗೆ ಕೊಟ್ಟು ಹೋದೆ.

ಐದು ನಿಮಿಷ ಕಳೆದಿತ್ತೋ ಏನೋ. ವಾರ್ಡಿನಿಂದ ಓಡಿಬಂದ ಈರಮ್ಮ ಸಿಸ್ಟರ್ ಬಾಗಿಲಲ್ಲಿ ನಿಂತು ಒಂದು ಸಲ ಇಡೀ ಕೋಣೆಯನ್ನು ನೋಡಿದರು. ಕೂಗುತ್ತಿದ್ದ ಯಾರ ಕಡೆಗೂ ಹೋಗಲಿಲ್ಲ. ನೇರ ಬೆಂಚಿಗೆ ಹೋಗಿ ದುರುಗಮ್ಮನ ಕೈ ಹಿಡಿದರು. ಅವಳ ತುಟಿ ಬಿಳಿಚಿತ್ತು. ಬೆರಳ ಸಂದಿಯಿಂದ ಹಸಿರು ಚೀಟಿ ನೆಲಕ್ಕೆ ಬಿದ್ದಿತ್ತು, ಅದನ್ನು ಎತ್ತಿಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

"ಖಾದರ್ ಸಾಬ್ರಾ, ಜಲ್ದಿ ಬರ್ರಿ! ರೇಣುಕಾ, ಇಲ್ಲಿ ಬಾ. ಇಕಿನ್ನ ಮಲಗಸು."

ನಾಡಿ ಸಿಗಲಿಲ್ಲ. ಸಿಕ್ಕಾಗ ನೂಲಿನಷ್ಟು ತೆಳು, ಎಣಿಸಲಾಗದಷ್ಟು ವೇಗ. ಹೊಟ್ಟೆ ಮುಟ್ಟಿದರೆ ಕಲ್ಲು. ಎಡ ಪಕ್ಕೆಯ ಕೆಳಗೆ ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ಒಳಗೊಳಗೇ ರಕ್ತ ಸೋರುತ್ತಿತ್ತು. ಎರಡೂ ಕೈಗೆ ಸಲೈನ್ ಹಾಕಿದೆವು. ನನ್ನ ಮೊದಲ ಸೂಜಿ ತಪ್ಪಿತು. ಖಾದರ್ ಸಾಹೇಬರು ರಾಯಚೂರಿಗೆ ಫೋನ್ ಮಾಡಿ, ಹೋಗುವಷ್ಟರಲ್ಲಿ ರಕ್ತ ಮತ್ತು ಶಸ್ತ್ರಚಿಕಿತ್ಸೆಯ ಕೋಣೆ ತಯಾರಿರುವಂತೆ ಮಾಡಿದರು. ಆಂಬುಲೆನ್ಸಿನಲ್ಲಿ ಜೊತೆಗೆ ಹೋದದ್ದು ನಾನು. ಮಳೆಯಲ್ಲಿ ಗಬ್ಬೂರಿನ ರಸ್ತೆ, ಒಂದು ಗಂಟೆಗೂ ಮಿಕ್ಕಿದ ದಾರಿ. ದುರುಗಮ್ಮ ನಡುನಡುವೆ ಕಣ್ಣು ಬಿಟ್ಟು, "ಎಲ್ಲಿ ಬಂದೀವಿ?" ಎಂದು ಕೇಳುತ್ತಿದ್ದಳು. ನಾನು ಪ್ರತಿಸಲವೂ "ಬಂತು, ಬಂತು" ಅನ್ನುತ್ತಿದ್ದೆ. ಹೊರಗೆ ನೋಡಿದರೆ ಹತ್ತಿ ಹೊಲ ಮುಗಿಯುತ್ತಲೇ ಇರಲಿಲ್ಲ.

ಅವಳು ಉಳಿದಳು. ಆಸ್ಪತ್ರೆಯ ವರಾಂಡದಲ್ಲಿ ನಿಂತಿದ್ದ ನನಗೆ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ವೈದ್ಯರು, "ಇನ್ನು ಅರ್ಧ ತಾಸು ತಡ ಆಗಿದ್ದರೆ ಕಷ್ಟ ಇತ್ತು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಆ ಅರ್ಧ ತಾಸಿನಲ್ಲಿ ನನ್ನ ಐದು ನಿಮಿಷವನ್ನು ಕಳೆಯುತ್ತಾ ಕೂಡುತ್ತಾ ನಿಂತೆ.

ಮರುದಿನ ಕೆಲಸ ಬಿಟ್ಟು ಹೋಗುವುದೆಂದು ತೀರ್ಮಾನಿಸಿ ಚೀಲ ತುಂಬಿಕೊಂಡೇ ಆಸ್ಪತ್ರೆಗೆ ಬಂದೆ. ಈರಮ್ಮ ಸಿಸ್ಟರ್ ಚೀಲವನ್ನೊಮ್ಮೆ ನೋಡಿದರು. ಎದುರಿನ ಹೋಟೆಲಿನಿಂದ ಮಂಡಾಳ ಒಗ್ಗರಣೆ, ಮಿರ್ಚಿ, ಮೂರು ಚಹಾ ತರಿಸಿದ್ದರು. ಖಾದರ್ ಸಾಹೇಬರೂ ಬಂದು ಕೂತರು.

"ನಿನ್ನೆ ಮೊದ್ಲನೇದಾಕಿ ಯಾರು ಬಂದ್ಲು, ಅಲ್ಲಿಂದ ಹೇಳು," ಅಂದರು ಈರಮ್ಮ ಸಿಸ್ಟರ್. "ಏನು ನೋಡಿದಿ, ಏನು ಅನಕೊಂಡಿ, ಏನು ಮಾಡಿದಿ. ಅಳೋದೆಲ್ಲಾ ಆಮ್ಯಾಲೆ."

ಹೇಳಿದೆ. ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ಹೇಳಿದೆ. ಕೊನೆಗೆ ದುರುಗಮ್ಮನ ಹತ್ತಿರ ಬಂದೆ.

"ಆಕಿ ಏನೂ ಆಗಿಲ್ಲ ಅಂದ್ಲರೀ."

"ಆಕಿ ಅಂದ್ಲು. ಆಕಿ ಕೈ ಏನು ಅಂತು?"

"ನಾ ಕೈ ಹಿಡೀಲಿಲ್ಲ."

"ಹೂಂ," ಅಂದರು ಅವರು. ಅಷ್ಟೇ. ಮಿರ್ಚಿಯ ತಟ್ಟೆಯನ್ನು ನನ್ನ ಕಡೆ ಸರಿಸಿ ತಾವಾಗಿಯೇ ಶುರು ಮಾಡಿದರು. "ನಾ ಹೊಸ್ತಾಗಿ ಸೇರಿದಾಗ ಒಬ್ಬ ಮುದುಕನ್ನ ಹಿಂಗ ಬಿಟ್ಟಿದ್ದೆ. ಸುಮ್ನ ಕುಂತಿದ್ದ. ನಿದ್ದಿ ಮಾಡಾಕತ್ತಾನ ಅನಕೊಂಡೆ. ಅಂವ ಏಳಲಿಲ್ಲ. ನನಗ ಆವಾಗ ಹಿಂಗ ಕುಂದ್ರಿಸಿ ಕೇಳೋರು ಯಾರೂ ಇರಲಿಲ್ಲ ತಂಗಿ. ಎಲ್ಲಾರ ಮುಂದ ಬೈದ್ರು, ಮುಗೀತು. ಎರಡು ವರ್ಷ ನಾ ಯಾರ ಮಾರಿನೂ ನೆಟ್ಟಗ ನೋಡಲಿಲ್ಲ. ಮಾರಿ ನೋಡದಾಕಿ ಈ ಕೆಲಸ ಹೆಂಗ ಮಾಡ್ತಾಳ?"

ಖಾದರ್ ಸಾಹೇಬರು ಚಹಾ ಲೋಟ ಕೆಳಗಿಟ್ಟರು. "ನಂದೂ ತಪ್ಪದ. ಹನ್ನೊಂದು ಮಂದಿಗೆ ಒಬ್ಬ ಹುಡುಗಿನ ಬಿಟ್ಟೀವಿ. ಇನ್ನ ಮ್ಯಾಲೆ ಹಿಂಗ ಗದ್ದಲ ಆದ್ರ ಮೊದ್ಲ ಗಂಟಿ ಬಾರಸು, ಎಲ್ಲೆ ಇದ್ರೂ ಬರ್ತೀವಿ." ಆಮೇಲೆ ನನ್ನ ಚೀಲದ ಕಡೆ ನೋಡಿ, "ಎಲ್ಲಿಗೋ ಹೊಂಟಿದ್ದಿಯೇನು?" ಎಂದರು.

"ಇಲ್ರೀ," ಅಂದೆ.

ಅಂದಿನಿಂದ ಅದು ದಿನದ ರೂಢಿಯಾಯಿತು. ಬೆಳಗಿನ ಚಹಾದ ಜೊತೆ ಹಿಂದಿನ ದಿನದ ಎಲ್ಲರನ್ನೂ ಮತ್ತೊಮ್ಮೆ ನೋಡುವುದು. ಸರಿಯಾದದ್ದನ್ನೂ ತಪ್ಪಿದ್ದನ್ನೂ ಒಂದೇ ದನಿಯಲ್ಲಿ ಹೇಳುವುದು. ರಾಯಚೂರಿಗೆ ಕಳಿಸಿದವರು ಏನಾದರು ಎಂದು ಫೋನ್ ಮಾಡಿ ತಿಳಿದುಕೊಳ್ಳುವುದು ನನ್ನ ಪಾಲಿನ ಕೆಲಸ. ನಾನು ಅನಕೊಂಡದ್ದಕ್ಕೂ ನಿಜಕ್ಕೂ ಎಷ್ಟು ಅಂತರ ಎಂದು ಆ ಫೋನಿನಿಂದ ಕಲಿತಷ್ಟು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ.

ಒಂದೂವರೆ ತಿಂಗಳ ಮೇಲೆ ದುರುಗಮ್ಮ ತಾನೇ ನಡೆದು ಬಂದಳು. ಗೇಟಿನಿಂದ ಬಾಗಿಲಿಗೆ ಮೂವತ್ತು ಹೆಜ್ಜೆಯನ್ನೂ ನಾನು ನೋಡಿದೆ, ಎಲ್ಲೂ ನಿಲ್ಲಲಿಲ್ಲ. ಸೆರಗಿನಲ್ಲಿ ಎಳೆ ಸೌತೆಕಾಯಿ ಕಟ್ಟಿಕೊಂಡು ಬಂದಿದ್ದಳು. ತವರು ಮಲ್ಲಟದಿಂದ ತಂದದ್ದಂತೆ. ನನ್ನ ಕೈಗೆ ಎರಡು ಇಟ್ಟಾಗ ನನಗೆ ತಡೆದುಕೊಳ್ಳಲಾಗಲಿಲ್ಲ.

"ಅವತ್ತು ನಾ ನಿಮ್ಮನ್ನ ಬಿಟ್ಟು ಹೋಗಿದ್ದೆ. ಗೊತ್ತದ ಏನು ನಿಮಗ?"

ದುರುಗಮ್ಮ ನಕ್ಕಳು. "ನಾನ ಹೋಗು ಅಂದಿದ್ದೆನಲ್ಲ ಯವ್ವಾ. ಆಮ್ಯಾಲೆ ಗಾಡ್ಯಾಗ ನನ್ನ ಕೈ ಬಿಟ್ಟಿಯೇನು? ರಾಯಚೂರತನ ಹಿಡಕೊಂಡಿದ್ದಿ. ತಿನ್ನು, ಭಾಳ ಎಳೇವು ಅದಾವ."

ನಿಂತಲ್ಲೇ ತಿಂದೆ.

ಸೆಪ್ಟೆಂಬರಿನಲ್ಲಿ ಹತ್ತಿಗೆ ಎಣ್ಣೆ ಹೊಡೆಯುವ ಕಾಲ. ಒಂದು ಮುಂಜಾನೆ ಈರಮ್ಮ ಸಿಸ್ಟರ್ ತವರಿಗೆ ಹೋಗಿದ್ದರು. ಖಾದರ್ ಸಾಹೇಬರು ಒಳಗೆ ಒಂದು ಹೆರಿಗೆ ಮಾಡಿಸುತ್ತಿದ್ದರು. ಬಾಗಿಲಲ್ಲಿ ನಾನೊಬ್ಬಳೇ. ಒಂದು ಕಾರು ಬಂದು ನಿಂತು, ನಾಲ್ಕೈದು ಜನ ಇಳಿದರು. ನಡುವೆ ಇದ್ದವರು ಮಾನ್ವಿಯ ಅಕ್ಕಿ ಗಿರಣಿಯ ಸಾವ್ಕಾರರು. ಅಪ್ಪ ಕೆಲಸ ಮಾಡುತ್ತಿದ್ದ ಗಿರಣಿ ಅವರದೇ. ಭತ್ತದ ವ್ಯವಹಾರಕ್ಕೆ ಬಂದವರು ಕಾರಿನ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡಿದ್ದರು. ಉಗುರು ಕಿತ್ತು ರಕ್ತ ಬರುತ್ತಿತ್ತು. ನೋವು ನಿಜವಾದದ್ದೇ.

"ಡಾಕ್ಟರ್‌ನ ಕರೀವಾ. ಯಾರು ಬಂದಾರ ಗೊತ್ತದ ಇಲ್ಲ?" ಎಂದ ಜೊತೆಗಿದ್ದವನು. ಸಾವ್ಕಾರರು ನನ್ನನ್ನು ದಿಟ್ಟಿಸಿ, "ನೀ ನಮ್ಮ ಹಮಾಲಿ ಯಂಕಪ್ಪನ ಮಗಳಲ್ಲೇನು?" ಅಂದರು.

"ಹೌದ್ರಿ" ಅನ್ನುವಷ್ಟರಲ್ಲಿ ಗೇಟಿನ ಕಡೆಯಿಂದ ಇಬ್ಬರು ಒಬ್ಬನನ್ನು ಎರಡು ತೋಳು ಹಿಡಿದು ಎಳೆದು ತರುತ್ತಿದ್ದರು. ಅವನ ಕಾಲು ನೆಲಕ್ಕೆ ಉಜ್ಜುತ್ತಿತ್ತು.

"ಏನಾಗೇದ್ರಿ?"

"ಏನಿಲ್ರೀ, ಮುಂಜಾನೆಕ್ಕ ಕುಡದಾನ. ಹೊಲದಾಗ ಬಿದ್ದಿದ್ದ. ಒಂದು ಸೂಜಿ ಮಾಡಿ ಬಿಡ್ರಿ."

ನನಗೆ ಆ ವಾಸನೆ ಬಂತು. ಹೆಂಡದ ವಾಸನೆ ಅಲ್ಲ ಅದು. ಅಂಗಿಯ ಬೆನ್ನು ಪೂರ್ತಿ ನೆನೆದಿತ್ತು, ಪಂಪು ಸೋರಿದ ಗುರುತು. ಬಾಯಿಂದ ಜೊಲ್ಲು, ಎದೆಯಲ್ಲಿ ಗೊರಗೊರ ಸದ್ದು. ರೆಪ್ಪೆ ಎತ್ತಿ ನೋಡಿದರೆ ಪಾಪೆ ಸೂಜಿಮೊನೆಯಷ್ಟಾಗಿತ್ತು. ತೊಡೆಯ ಮಾಂಸ ಚರ್ಮದ ಕೆಳಗೆ ಹುಳು ಹರಿದಂತೆ ಅದುರುತ್ತಿತ್ತು.

ಗಂಟೆ ಬಾರಿಸಿದೆ. ಸಾವ್ಕಾರರ ಕೈಗೆ ದಪ್ಪನೆಯ ಅರಳೆ ಒತ್ತಿ, "ಹಿಂಗ ಗಟ್ಟಿ ಹಿಡಕೊಂಡು ಮ್ಯಾಲೆ ಎತ್ತಿ ಕುಂದರ್ರಿ, ರಕ್ತ ನಿಂದರತದ. ಇಂವನ್ನ ಮೊದ್ಲು ನೋಡ್ತೀನಿ" ಅಂದೆ. ನನ್ನ ದನಿ ಎಷ್ಟು ಸಣ್ಣಗಿತ್ತೆಂದರೆ ಎರಡನೆಯ ಸಲ ಹೇಳಬೇಕಾಯಿತು.

"ಕುಡದು ಬಿದ್ದೋನ ಸಲುವಾಗಿ ನಮ್ಮನ್ನ ಕಾಯಸ್ತೀ?"

"ಕುಡದಿಲ್ರೀ ಇಂವ. ಎಣ್ಣಿ ಮೈಗೆ ಇಳದದ. ಉಸಿರು ನಿಂದರತದ."

ಕೈಗವಸು ಹಾಕಿಕೊಂಡು ಅವನ ಬಟ್ಟೆ ಕತ್ತರಿಸಿದೆ. ಕರೆತಂದಿದ್ದ ಇಬ್ಬರಿಗೂ ಕೈಗವಸು ಕೊಟ್ಟು ಸಾಬೂನು ನೀರಿನಲ್ಲಿ ಅವನ ಮೈ ತೊಳೆಸಿದೆ. ಖಾದರ್ ಸಾಹೇಬರು ಗಂಟೆ ಕೇಳಿ ಬಂದವರು ಒಂದೇ ನೋಟಕ್ಕೆ ಔಷಧಿಯ ಹೆಸರು ಹೇಳಿದರು. ನಾನಾಗಲೇ ಅದನ್ನು ಸಿರಿಂಜಿಗೆ ಎಳೆದಿಟ್ಟಿದ್ದೆ. ಅವರು ನನ್ನ ಮುಖ ನೋಡಿ ತಲೆ ಆಡಿಸಿದ ಆ ಒಂದು ಗಳಿಗೆಯನ್ನು ನಾನು ಇಂದಿಗೂ ಯಾರಿಗೂ ಕೊಡಲಾರೆ.

ಸಾವ್ಕಾರರು ಕಾಯಲಿಲ್ಲ. ಕಾರು ಹತ್ತಿ ಬೇರೆ ಕಡೆ ಹೋದರು. ಅಂದೇ ಆಸ್ಪತ್ರೆಯ ಆಡಳಿತದವರಿಗೆ ಫೋನ್ ಬಂತು, ನನ್ನನ್ನು ಕರೆಸಿದರು. ಖಾದರ್ ಸಾಹೇಬರು ನನ್ನ ಜೊತೆ ಬಂದು, "ಆಕಿ ಮಾಡಿದ್ದು ನಾ ಮಾಡಿದ್ದ ಅಂತ ತಿಳ್ಕೊರ್ರಿ" ಎಂದಷ್ಟೇ ಹೇಳಿ ನಿಂತುಬಿಟ್ಟರು. ಮುಂದಿನ ವಾರ ಬಾಗಿಲ ಹತ್ತಿರ ನೆಲಕ್ಕೆ ಒಂದು ಹಳದಿ ಗೆರೆ ಬಿತ್ತು. ರೋಗಿ ಮತ್ತು ಅವರ ಜೊತೆಗೆ ಒಬ್ಬರು ಮಾತ್ರ ಗೆರೆ ದಾಟಬಹುದು. ಆ ಗೆರೆಯಿಂದ ನನ್ನ ಕಿವಿಗೆ ಎಷ್ಟು ಆರಾಮವಾಯಿತೆಂದರೆ, ಅಂದಿನಿಂದ ರೋಗಿಯ ಉಸಿರಿನ ಸದ್ದು ಕೇಳತೊಡಗಿತು.

ಆದರೆ ನನಗೆ ಅಪ್ಪನದೇ ಚಿಂತೆ. ಆ ಭಾನುವಾರ ಮಾನ್ವಿಗೆ ಹೋದಾಗ ಅಪ್ಪ ಅಂಗಳದಲ್ಲಿ ಕೂತಿದ್ದ.

"ಸಾವ್ಕಾರ್ರು ನಿನ್ನ ಸುದ್ದಿ ತಗದಿದ್ರು. ಭಾಳ ಸಿಟ್ಟಿಗೆದ್ದಿದ್ರು."

"ಅಪ್ಪಾ, ನಾನು..."

"ಆ ಇನ್ನೊಬ್ಬ ಇದ್ನೆಲ್ಲ, ಅಂವ ಉಳದ್ನೇನು?"

"ಉಳದ. ಮೊನ್ನೆ ಮನಿಗೆ ಹೋದ."

"ಹಂಗಾರ ಬಿಡು," ಅಂದ ಅಪ್ಪ. "ನಾಳೆ ಅವರಿಗೆ ಅದನ್ನ ಹೇಳ್ತೀನಿ." ಹೇಳಿದನಂತೆ. ಸಾವ್ಕಾರರು ಏನೂ ಅನ್ನಲಿಲ್ಲವಂತೆ. ಅಪ್ಪನ ಕೆಲಸವೂ ಹೋಗಲಿಲ್ಲ.

ಅಕ್ಟೋಬರಿನಲ್ಲಿ ಆಸ್ಪತ್ರೆಯವರು ಮಾನ್ವಿಯಲ್ಲಿ ಒಂದು ಸಣ್ಣ ಘಟಕ ತೆರೆದು ನನ್ನನ್ನು ಅಲ್ಲಿಗೆ ಕಳಿಸಿದರು. ಸ್ವಂತ ಊರು, ಮನೆಯ ರೊಟ್ಟಿ ಎಂದು ಖುಷಿಪಟ್ಟಿದ್ದೆ. ಆದರೆ ಗುರುತಿನ ಜನರ ನಡುವೆ ಈ ಕೆಲಸ ಇನ್ನೂ ಕಷ್ಟ. ನನ್ನನ್ನು ಎತ್ತಿ ಆಡಿಸಿದ ಓಣಿಯ ಅತ್ತೆ, ದೊಡ್ಡಮ್ಮಂದಿರಿಗೆ "ಸ್ವಲ್ಪ ಕುಂದರ್ರಿ" ಅನ್ನುವುದು ಹೇಗೆ? "ದೊಡ್ಡ ಮನಷ್ಯಾಳಾಗೀದಿ ನಮ್ಮವ್ವಾ" ಎಂದು ಮುಖ ತಿರುಗಿಸಿ ಹೋದವರಿದ್ದಾರೆ.

ಮಳೆಗಾಲದ ಕೊನೆಯ ದೊಡ್ಡ ಮಳೆ ಬಿದ್ದ ದಿನ, ಹನ್ನೊಂದು ಗಂಟೆಯ ಸುಮಾರಿಗೆ, ಶಾಲೆಯ ಶಿಕ್ಷಕಿಯೊಬ್ಬರು ಅವ್ವನನ್ನು ಆಟೋದಲ್ಲಿ ಕರೆತಂದರು. ಅಡುಗೆ ಕೋಣೆಯ ಒದ್ದೆ ನೆಲದ ಮೇಲೆ ಜಾರಿ ಬಿದ್ದಿದ್ದಳು. ಬಲ ಮಣಿಕಟ್ಟು ಸೊಟ್ಟಗಾಗಿತ್ತು. ಅವ್ವನ ಮುಖ ನೋವಿನಿಂದ ಹಿಂಡಿದಂತಿತ್ತು, ಆದರೂ ನನ್ನನ್ನು ಕಂಡು ನಗಲು ನೋಡಿದಳು. ಎಡಗೈ ಹಿಡಿದೆ. ಬೆಚ್ಚಗಿತ್ತು, ನಾಡಿ ಗಟ್ಟಿಯಿತ್ತು. ಎಲ್ಲೆಲ್ಲಿ ಪೆಟ್ಟಾಗಿದೆ, ತಲೆ ತಾಗಿತೇ, ಕಣ್ಣು ಕತ್ತಲೆ ಬಂತೇ ಎಂದು ಕೇಳಿದೆ. ಇಲ್ಲ.

"ಅವ್ವಾ, ಬಳಿ ತಗೀಬೇಕು. ಬಾವು ಬಂದ್ರ ಒಳಗ ಒತ್ತತಾವ."

"ಏ, ಹಸಿರು ಬಳಿ ಹಬ್ಬಕ್ಕ ಇಡಿಸಿದ್ದು..."

"ಮತ್ತ ಇಡಸ್ತೀನಿ ಸುಮ್ಕಿರು." ಸಾಬೂನು ಹಚ್ಚಿ ಒಂದೊಂದೇ ತೆಗೆದೆ. ಎರಡು ಒಡೆದವು. ಆಸರೆ ಕಟ್ಟಿ, ನೋವಿನ ಗುಳಿಗೆ ಕೊಟ್ಟು, ಬೆರಳುಗಳ ಬಣ್ಣ ನೋಡಿ, ಹಸಿರು ಚೀಟಿಗೂ ಹಳದಿ ಚೀಟಿಗೂ ನಡುವೆ ಒಂದು ಕ್ಷಣ ನಿಂತೆ. ಹಳದಿ ಕೊಟ್ಟೆ. ಕೈಯಲ್ಲಿ ಕೆಂಪು ಚೀಟಿ ಇದ್ದ ಇಬ್ಬರು ಆಗಲೇ ಒಳಗಿದ್ದರು. ಒಬ್ಬರೇ ವೈದ್ಯರು.

"ಕಾಯಬೇಕಾಗತದ ಅವ್ವಾ."

"ಹೋಗು ಹೋಗು, ನಾ ಕುಂತಿರ್ತೀನಿ."

ಎರಡು ಗಂಟೆ ಕೂತಿದ್ದಳು. ಓಣಿಯ ಹೆಂಗಸೊಬ್ಬಳು ಕೇಳುವಂತೆಯೇ, "ಮಗಳು ಒಳಗ ಇದ್ದೂ ಈ ಗತಿ ನೋಡು" ಅಂದಳು. ನಾನು ತಲೆ ಎತ್ತಲಿಲ್ಲ. ಅರ್ಧ ಗಂಟೆಗೊಮ್ಮೆ ಬೆಂಚಿನ ಎಲ್ಲರನ್ನೂ ನೋಡಿ ಬರುವುದು ಈರಮ್ಮ ಸಿಸ್ಟರ್ ಹಾಕಿಕೊಟ್ಟ ರೂಢಿ. ಅವ್ವನ ಬೆರಳು ನೋಡಿದೆ, ಮುಂದೆ ಹೋದೆ. ಮೂರನೆಯ ಸುತ್ತಿಗೆ ಇನ್ನೂ ಹೊತ್ತಿತ್ತು. ಆಗ ಅವ್ವ ಜೋರಾಗಿ ಕರೆದಳು.

"ರೇಣುಕಾ! ಲಗೂನ ಬಾ."

ಕೈಯ ನೋವು ಜಾಸ್ತಿಯಾಯಿತೆಂದು ಓಡಿದೆ. ಅವ್ವ ತನ್ನ ಕೈ ತೋರಿಸಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕನನ್ನು ತೋರಿಸಿದಳು. ಕಾಲಿನ ಹುಣ್ಣಿಗೆ ಬಟ್ಟೆ ಕಟ್ಟಿಸಲು ಬಂದಿದ್ದ, ಹಸಿರು ಚೀಟಿಯವನು.

"ಈ ಯಪ್ಪಾ ಇಷ್ಟೊತ್ತು ತನ್ನ ಎತ್ತಿನ ಸುದ್ದಿ ಹೇಳಾಕತ್ತಿದ್ದ. ಈಗ ಮಾತು ತೊದಲಾಕತ್ತದ. ಬೀಡಿ ಕೈಯಾಗಿಂದ ಬಿತ್ತು, ತಗೊಳ್ಳಾಕ ಹೋದ್ರ ಕೈ ಏಳವಲ್ದು."

ನೋಡಿದೆ. ಬಾಯಿ ಒಂದು ಕಡೆಗೆ ಜಾರಿತ್ತು. ಎರಡೂ ಕೈ ಎತ್ತು ಅಂದರೆ ಎಡಗೈ ಮಾತ್ರ ಎದ್ದಿತು. ಪಾರ್ಶ್ವವಾಯು, ಶುರುವಾಗಿ ಕೆಲವೇ ನಿಮಿಷ. ಹತ್ತು ನಿಮಿಷದಲ್ಲಿ ಆಂಬುಲೆನ್ಸ್ ರಾಯಚೂರಿನ ರಸ್ತೆಯಲ್ಲಿತ್ತು. ಶುರುವಾದ ಹೊತ್ತು ಖಚಿತವಾಗಿ ಗೊತ್ತಿದ್ದರಿಂದ ಅಲ್ಲಿನವರು ಸ್ಕ್ಯಾನ್ ಮಾಡಿ ಹೆಪ್ಪು ಕರಗಿಸುವ ಔಷಧಿ ಕೊಟ್ಟರು. ಆ ಮುದುಕ ಡಿಸೆಂಬರಿನಲ್ಲಿ ಕೋಲು ಹಿಡಿದು ನಡೆಯುತ್ತಿದ್ದ.

ಅವ್ವನ ಕೈಗೆ ಪ್ಲಾಸ್ಟರ್ ಹಾಕಿ ಮುಗಿಸುವಾಗ ಮಧ್ಯಾಹ್ನ ಮೂರು ಕಳೆದಿತ್ತು. ಪಾಳಿ ಮುಗಿಸಿ ಇಬ್ಬರೂ ಆಟೋ ಹತ್ತಿದೆವು. ಮಳೆ ನಿಂತು ಬಿಸಿಲು ಬಿದ್ದಿತ್ತು. ಹೊತ್ತು ಹೊತ್ತಿಗೂ ನಾಲಿಗೆಯ ತುದಿಗೆ ಬಂದದ್ದನ್ನು ಕೇಳಿದೆ.

"ಅವ್ವಾ, ನಿನ್ನ ಕಾಯಿಸಿದೆ ಅಂತ ಬ್ಯಾಸರ ಆತೇನು?"

ಅವ್ವ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿ ಸರಿ ಮಾಡಿಕೊಂಡಳು. "ಮೊದ್ಲ ಅಂಜಿದ್ದೆ. ಆಮ್ಯಾಲೆ ನೀ ಕುಂದ್ರು ಅಂದಿ ನೋಡು, ಆವಾಗ ಧೈರ್ಯ ಬಂತು. ಕಾಯಬಹುದು ಅಂತ ನನ್ನ ಮಗಳು ಅಂದ್ಲಂದ್ರ ನನಗ ಅಂಥಾದ್ದೇನೂ ಆಗಿಲ್ಲ ಅಂತ ಆತಲ್ಲ."

ಮನೆಗೆ ಬಂದ ಮೇಲೆ ಈರಮ್ಮ ಸಿಸ್ಟರಿಗೆ ಫೋನ್ ಮಾಡಿ ಮೊದಲಿನಿಂದ ಎಲ್ಲ ಹೇಳಿದೆ. ಏನು ನೋಡಿದೆ, ಏನು ಅನಕೊಂಡೆ, ಏನು ಮಾಡಿದೆ. ಮುಗಿದ ಮೇಲೆ ಅವರು ಮೂರೇ ಪ್ರಶ್ನೆ ಕೇಳಿದರು.

"ಬಳಿ ತಗದಿ?"

"ತಗದೆ."

"ಬೆರಳು ನೋಡಿದಿ?"

"ಅರ್ಧ ತಾಸಿಗೊಮ್ಮೆ ನೋಡಿದೆ."

"ನೀ ಏನರ ತಿಂದಿ?"

ಮುಂಜಾನೆಯಿಂದ ಏನೂ ತಿಂದಿರಲಿಲ್ಲ. "ಇಲ್ರೀ," ಅಂದೆ.

"ಹೋಗು ತಂಗಿ, ಮೊದ್ಲು ಉಣ್ಣು. ನಾಳೆ ಮತ್ತ ಬಾಗಿಲಿಗೆ ನಿಂದ್ರಬೇಕು ನೀ."

ಬುಟ್ಟಿಯಲ್ಲಿ ಬೆಳಗಿನ ಜೋಳದ ರೊಟ್ಟಿ, ಪುಂಡಿಪಲ್ಯ ಇದ್ದವು. ಅವ್ವ ಎಡಗೈಯಲ್ಲಿ ರೊಟ್ಟಿ ಮುರಿಯಲು ಹೆಣಗುತ್ತಿದ್ದಳು. ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡು ಮುರಿದು, ಪಲ್ಯ ಹಚ್ಚಿ, ಮೊದಲ ತುತ್ತನ್ನು ಅವಳ ಬಾಯಿಗಿಟ್ಟೆ. ಎರಡನೆಯದನ್ನು ನಾನು ತಿಂದೆ.